ಬಾಣಂತಿ ನೀರಿನ ಬಾಬ್ತು

ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ಹೊಸದಾಗಿ ಕೂರುವವರಿಗೆ ಮೊದಲ ವಾರದಲ್ಲೇ ಒಂದು ವಿಷಯ ಗೊತ್ತಾಗುತ್ತದೆ. ಡಾಕ್ಟರನ್ನು ಕಂಡರೆ ಜನ ಕೈ ಮುಗಿಯುತ್ತಾರೆ, ನರ್ಸುಗಳಿಗೆ ಹೋಗುವಾಗ ಸ್ವೀಟ್ ಕೊಡುತ್ತಾರೆ, ಔಷಧಿ ಅಂಗಡಿಯವನ ಹತ್ತಿರ ಊರ ಸುದ್ದಿ ಮಾತಾಡುತ್ತಾರೆ. ನಮ್ಮ ಕಿಟಕಿಗೆ ಬಂದಾಗ ಮಾತ್ರ ಮುಖ ಬಿಗಿಯಾಗುತ್ತದೆ. ಕೊಪ್ಪದ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಮೂವತ್ತೊಂದು ವರ್ಷ ಆ ಕಿಟಕಿಯ ಒಳಗೆ ಕೂತವಳು ನಾನು. ಬಿಗಿದ ಮುಖಗಳ ಬಗ್ಗೆ ನನಗೆ ಬೇಜಾರಿಲ್ಲ. ಒಬ್ಬರು ಆಸ್ಪತ್ರೆಯಲ್ಲಿ ಕಳೆದ ನಾಲ್ಕು ದಿನ ಒಂದು ಹಾಳೆಯಲ್ಲಿ ಹೇಗೆ ಕೂರುತ್ತದೆ, ಅದರಲ್ಲಿ ಯಾವುದಕ್ಕೆ ಜಾಗ ಸಿಗುತ್ತದೆ, ಯಾವುದಕ್ಕೆ ಸಿಗುವುದಿಲ್ಲ ಎನ್ನುವ ಕುತೂಹಲ ಮಾತ್ರ ರಿಟೈರ್ ಆಗುವ ದಿನದವರೆಗೂ ಹೋಗಲಿಲ್ಲ. ಈ ಕೆಲಸಕ್ಕೆ ಬರುವವರು ನನ್ನ ತಪ್ಪುಗಳನ್ನಾದರೂ ಓದಿಕೊಳ್ಳಲಿ ಎಂದು ಬರೆಯುತ್ತಿದ್ದೇನೆ. ಅವುಗಳಲ್ಲಿ ದೊಡ್ಡದು ಗಿರಿಜಕ್ಕನಿಗೆ ಸಂಬಂಧಿಸಿದ್ದು. ನನ್ನ ಬುದ್ಧಿವಂತಿಕೆಯಿಂದ ಅವಳ ಅನ್ನವೇ ಹೋಗುವುದರಲ್ಲಿತ್ತು.

ನಾನು ಸೇರಿದ ಕಾಲಕ್ಕೆ ಬಿಲ್ ಅಂದರೆ ಪುಸ್ತಕ. ಮೂರು ಪ್ರತಿ, ನಡುವೆ ಎರಡು ಕಾರ್ಬನ್ ಹಾಳೆ. ಒತ್ತಿ ಬರೆಯದಿದ್ದರೆ ಮೂರನೆಯದರಲ್ಲಿ ಏನೂ ಮೂಡುತ್ತಿರಲಿಲ್ಲ, ಒತ್ತಿ ಬರೆದರೆ ಸಂಜೆಗೆ ಹೆಬ್ಬೆರಳು ನೋಯುತ್ತಿತ್ತು. ನರ್ಸಿಂಗ್ ಹೋಮ್ ನಡೆಸುತ್ತಿದ್ದವರು ಹೆರಿಗೆ ಡಾಕ್ಟರು. ಊರಿಗೆಲ್ಲ ಅವರು ಡಾಕ್ಟರಮ್ಮ. ಬಿಲ್ಲಿನಲ್ಲಿ ಏನೇನು ಬರೆಯಬೇಕು ಎಂದು ಅವರು ನನಗೆ ಹೇಳಿಕೊಟ್ಟದ್ದು ಒಂದೇ ಸಲ. ಓದಿದ ಕೂಡಲೇ ಜನರಿಗೆ ಎಂತಕ್ಕೆ ದುಡ್ಡು ಕೊಡ್ತಿದ್ದೇವೆ ಅಂತ ಗೊತ್ತಾಗಬೇಕು, ಅಷ್ಟೇ ಎಂದಿದ್ದರು. ಹಾಗಾಗಿ ನಮ್ಮ ಬಿಲ್ಲಿನಲ್ಲಿ ರೂಮು, ಹೆರಿಗೆ, ಔಷಧಿ, ಡಾಕ್ಟರ ಫೀಸು ಎಂದೆಲ್ಲ ಕನ್ನಡದಲ್ಲೇ ಇರುತ್ತಿತ್ತು. ಬೇಗಾರಿನ ಕಡೆಯ ಒಬ್ಬರು ರೂಮಿನ ಸಾಲು ನೋಡಿ, ತಾವು ಮೂರು ದಿನವೂ ಹೊರಗೆ ಬೆಂಚಿನ ಮೇಲೆ ಮಲಗಿದ್ದರಿಂದ ಅರ್ಧ ಕಡಿಮೆ ಮಾಡಬೇಕು ಎಂದು ವಾದಿಸಿದ್ದರು. ಡಾಕ್ಟರಮ್ಮ ನಕ್ಕು ಕಾಲು ಭಾಗ ಬಿಟ್ಟರು. ಆಗ ಅದಕ್ಕೆಲ್ಲ ಯಾರನ್ನೂ ಕೇಳಬೇಕಾಗಿರಲಿಲ್ಲ, ಒಂದು ಗೀಟು ಎಳೆದು ಪಕ್ಕದಲ್ಲಿ ಹೊಸ ಅಂಕಿ ಬರೆದರೆ ಮುಗಿಯಿತು.

ಹೆರಿಗೆ ಬಿಲ್ಲಿನ ಕೊನೆಯ ಸಾಲು ‘ನೀರಿನ ಬಾಬ್ತು’. ಇದು ಕುಡಿಯುವ ನೀರಲ್ಲ, ಬಾಣಂತಿಯನ್ನೂ ಕೂಸನ್ನೂ ಮೀಸುವ ಬಿಸಿನೀರು. ನಮ್ಮ ಕಡೆ ಹೆರಿಗೆಯಾದವಳ ಬೆನ್ನಿಗೆ ನಾಲ್ಕು ಚೊಂಬು ಸುಡುನೀರು ಬೀಳದೆ ಇದ್ದರೆ ಹೆರಿಗೆ ಮುಗಿಯಿತು ಅಂತ ಯಾರೂ ಒಪ್ಪುವುದಿಲ್ಲ. ಮನೆಯಲ್ಲಾದರೆ ಬಾಣಂತಿಯ ಅಮ್ಮನೋ ಚಿಕ್ಕಮ್ಮನೋ ಮೀಸುತ್ತಾರೆ. ಆಸ್ಪತ್ರೆಯಲ್ಲಿ ಯಾರು? ಡಾಕ್ಟರಮ್ಮ ಹೆರಿಗೆ ವಾರ್ಡಿನ ಹಿಂದೆ ಒಂದು ಬಚ್ಚಲು ಕಟ್ಟಿಸಿ, ಒಲೆಯ ಮೇಲೆ ಹಂಡೆ ಕೂರಿಸಿ, ಗಿರಿಜಕ್ಕನನ್ನು ಕರೆಸಿದ್ದರು. ಅವಳು ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಗಂಡ ಮರದಿಂದ ಬಿದ್ದು ಸೊಂಟ ಹೋಗಿ ಮನೆಯಲ್ಲೇ ಇದ್ದ, ಇಬ್ಬರು ಹೆಣ್ಣುಮಕ್ಕಳಿದ್ದರು. ಬೆಳಿಗ್ಗೆ ಆರೂವರೆಗೆ ಬಂದು ಒಲೆ ಹಚ್ಚುತ್ತಿದ್ದಳು. ಹತ್ತು ಗಂಟೆಗೆ ನನ್ನ ಕಿಟಕಿಗೆ ಬಂದು ಅಂದು ಮೀಸಿದವರ ಮಂಚದ ನಂಬರು ಹೇಳುತ್ತಿದ್ದಳು, ನಾನು ಬರೆದುಕೊಳ್ಳುತ್ತಿದ್ದೆ. ಸಂಬಳದ ಪುಸ್ತಕದಲ್ಲಿ ಅವಳ ಹೆಸರಿರಲಿಲ್ಲ. ಬಿಲ್ಲಿನಲ್ಲಿ ಆ ಸಾಲು ಇದ್ದರೆ ಅವಳಿಗೆ ದುಡ್ಡು, ಇಲ್ಲದಿದ್ದರೆ ಇಲ್ಲ. ಶನಿವಾರ ಲೆಕ್ಕ ಹಾಕಿ ಕೊಡುವುದು ನನ್ನ ಕೆಲಸವಾಗಿತ್ತು.

ಆಮೇಲೆ ಕಂಪ್ಯೂಟರ್ ಬಂತು. ಸಾಫ್ಟ್‌ವೇರ್ ಹಾಕಲು ಶಿವಮೊಗ್ಗದಿಂದ ಒಬ್ಬರು ಬಂದು ಎರಡು ದಿನ ಕೂತು, ನಮ್ಮ ಬಿಲ್ಲಿನಲ್ಲಿ ಬರಬಹುದಾದ ಪ್ರತಿಯೊಂದನ್ನೂ ಮೊದಲೇ ಪಟ್ಟಿ ಮಾಡಿ ತುಂಬಿಸಬೇಕು ಎಂದರು. ಪಟ್ಟಿಯಲ್ಲಿ ಇಲ್ಲದ್ದನ್ನು ಬಿಲ್ಲಿಗೆ ಹಾಕಲು ಬರುವುದಿಲ್ಲವಂತೆ. ಇದು ನನಗೆ ಬಹಳ ವಿಚಿತ್ರವಾಗಿ ಕಂಡಿತು. ಮುಂದೆ ಏನೇನು ಆಗಬಹುದು ಎಂದು ಕೂತು ಯೋಚಿಸಿ ಬರೆದಿಡುವುದು ಜಾತಕ ಬರೆದ ಹಾಗಾಯಿತಲ್ಲ ಎಂದು ಅವರನ್ನು ಕೇಳಿದೆ. ಅವರಿಗೆ ನಗು ಬರಲಿಲ್ಲ. ಬಿಲ್ಲು ಇಂಗ್ಲಿಷಿಗೆ ತಿರುಗಿತು, ಕನ್ನಡದಲ್ಲಿ ಟೈಪ್ ಮಾಡಿದರೆ ಮುದ್ರಣದಲ್ಲಿ ಬರೀ ಚೌಕಗಳು ಬರುತ್ತಿದ್ದವು. ಅಂದಿನಿಂದ ಬಿಲ್ಲನ್ನು ಬಾಯಲ್ಲಿ ಓದಿ ಹೇಳುವ ಕೆಲಸವೂ ನನ್ನ ಪಾಲಿಗೆ ಬಂತು.

ಪಟ್ಟಿಯ ಪ್ರತಿ ಹೆಸರಿನ ಮುಂದೆ ಒಂದು ಸಣ್ಣ ಚೌಕವಿತ್ತು. ಇದನ್ನು ಇನ್ಶೂರೆನ್ಸ್ ಕಂಪನಿ ಕೊಡುತ್ತದೆ ಎಂದಾದರೆ ಅಲ್ಲಿ ಟಿಕ್ ಹಾಕಬೇಕು. ಕೊಡದಿದ್ದರೆ ಖಾಲಿ ಬಿಡಬೇಕು, ಆಗ ಅದು ರೋಗಿಯೇ ಕೊಡುವ ಕಾಲಮ್ಮಿಗೆ ಹೋಗುತ್ತದೆ. ಶಿವಮೊಗ್ಗದವರು ಇದನ್ನು ಹೇಳುವಾಗ ನಾನು ಬೇರೆ ಏನನ್ನೋ ಬರೆದುಕೊಳ್ಳುತ್ತಿದ್ದೆ. ಖಾಲಿ ಚೌಕ ಕಂಡರೆ ನನಗೆ ಕೆಲಸ ಬಾಕಿ ಇದ್ದ ಹಾಗೆ. ಅವರು ಹೋದ ಮೇಲೆ ಕೂತು ಅಷ್ಟಕ್ಕೂ ಟಿಕ್ ಹಾಕಿಬಿಟ್ಟೆ. ಕೈಗವಸಿನಿಂದ ಹಿಡಿದು ರೋಗಿಯ ಜೊತೆಗಿದ್ದವರ ಊಟದವರೆಗೆ ಎಲ್ಲವನ್ನೂ ಕಂಪನಿಯ ತಲೆಗೆ ಕಟ್ಟಿದ ಬಿಲ್ಲು ಹೋಯಿತು. ಹದಿನೈದು ದಿನಕ್ಕೆ ವಾಪಸ್ ಬಂದಾಗ ಅದರ ಜೊತೆಗೆ ಕಂಪನಿ ಏನನ್ನು ಕೊಡುವುದಿಲ್ಲ ಎನ್ನುವ ಉದ್ದದ ಪಟ್ಟಿಯೂ ಇತ್ತು.

ಆ ಪಟ್ಟಿಯನ್ನು ನಾನು ಮನೆಗೆ ಒಯ್ದು ಓದಿದೆ. ಅಷ್ಟು ಮನಸ್ಸಿಟ್ಟು ಯಾವ ಪಾಠವನ್ನೂ ಓದಿರಲಿಲ್ಲ. ಬಾಚಣಿಗೆ ಕೊಡುವುದಿಲ್ಲ. ಹಲ್ಲುಜ್ಜುವ ಬ್ರಷ್ ಕೊಡುವುದಿಲ್ಲ. ಮಗುವಿನ ತೊಟ್ಟಿಲು ರೂಮಿನ ಬಾಡಿಗೆಯಲ್ಲೇ ಸೇರಿತು. ಹೊಟ್ಟೆ ಕೊಯ್ಯುವುದಕ್ಕೆ ಕೊಡುತ್ತಾರೆ, ಕೊಯ್ಯುವ ಮೊದಲು ಕೂದಲು ತೆಗೆಯುವ ಬ್ಲೇಡಿಗೆ ಬೇರೆ ಕೊಡುವುದಿಲ್ಲ. ಸತ್ತವರ ಸರ್ಟಿಫಿಕೇಟಿಗೆ ಕೊಡುವುದಿಲ್ಲ, ಹುಟ್ಟಿದವರದ್ದಕ್ಕೂ ಇಲ್ಲ. ಯಾರೋ ಒಬ್ಬರು ಎಲ್ಲೋ ಒಂದು ದೊಡ್ಡ ಆಫೀಸಿನಲ್ಲಿ ಕೂತು ಬಾಚಣಿಗೆಯನ್ನು ನೆನಪು ಮಾಡಿಕೊಂಡು ಬರೆದಿದ್ದಾರಲ್ಲ, ಅವರ ಮುಖ ಹೇಗಿದ್ದೀತು ಎಂದು ಯೋಚಿಸುತ್ತಿದ್ದೆ. ಬಾಣಂತಿ ನೀರು ಮಾತ್ರ ಆ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ. ಕೊಡುತ್ತೇವೆ ಎಂದೂ ಇಲ್ಲ, ಕೊಡುವುದಿಲ್ಲ ಎಂದೂ ಇಲ್ಲ. ಬಾಚಣಿಗೆ ನೆನಪಾದವರಿಗೆ ಅದು ಗೊತ್ತೇ ಇರಲಿಲ್ಲ.

ಟಿಕ್ ತೆಗೆದು ಅದನ್ನು ರೋಗಿಯ ಕಾಲಮ್ಮಿಗೆ ಹಾಕಿದೆ. ಕಿರಿಕಿರಿ ಶುರುವಾಯಿತು. ಮೂವತ್ತು ಸಾವಿರದ ಬಿಲ್ಲನ್ನು ಕಂಪನಿ ಕೊಟ್ಟರೆ ಜನ ಸುಮ್ಮನಿರುತ್ತಾರೆ, ತಮ್ಮ ಕಾಲಮ್ಮಿನ ಮುನ್ನೂರು ರೂಪಾಯಿಗೆ ಮಾತ್ರ ಜಗಳ ಆಡುತ್ತಾರೆ. ರೂಮಿಗೆ ಬಾಡಿಗೆ ಕೊಟ್ಟ ಮೇಲೆ ನೀರಿಗೆ ಯಾಕೆ ಬೇರೆ ಎಂದು ಕೇಳುವವರೇ ಎಲ್ಲ. ಹೇಳಿ ಹೇಳಿ ಸಾಕಾಗಿ ನನಗೆ ಒಂದು ಉಪಾಯ ಹೊಳೆಯಿತು. ಸಾಫ್ಟ್‌ವೇರಿನ ಪಟ್ಟಿಯಲ್ಲಿ ‘ಹೆಚ್ಚುವರಿ ಶುಶ್ರೂಷೆ’ ಎನ್ನುವ ಒಂದು ಹೆಸರಿತ್ತು, ಅದಕ್ಕೆ ಕಂಪನಿ ಕೊಡುತ್ತಿತ್ತು. ಗಿರಿಜಕ್ಕ ಹೇಳಿದ ನಂಬರುಗಳನ್ನು ಅದರ ಅಡಿಯಲ್ಲಿ ಹಾಕತೊಡಗಿದೆ. ರೋಗಿಗಳಿಗೆ ಖುಷಿ, ಗಿರಿಜಕ್ಕನಿಗೆ ಶನಿವಾರ ಸರಿಯಾಗಿ ದುಡ್ಡು, ನನಗೆ ಜಗಳವಿಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ಹೀಗೆ ನಡೆಯಿತು. ಇದನ್ನು ಸುಳ್ಳು ಅಂತ ನಾನು ಒಂದು ದಿನವೂ ಅಂದುಕೊಂಡಿರಲಿಲ್ಲ. ಬಾಣಂತಿಯನ್ನು ನೋಡಿಕೊಳ್ಳುವುದು ಶುಶ್ರೂಷೆ ಅಲ್ಲದೆ ಮತ್ತೇನು ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಒಂದು ದಿನ ಕಂಪನಿಯ ಕಡೆಯಿಂದ ವಿಚಾರಣೆಗೆ ಒಬ್ಬರು ಬಂದರು. ಎನ್.ಆರ್. ಪುರದ ಮಂಜುನಾಥ ಎಂಬುವವರ ಹೆಂಡತಿಯ ಬಿಲ್ಲು ಅವರ ಕೈಯಲ್ಲಿತ್ತು. ಮಂಜುನಾಥ ಒಂದು ಫೈನಾನ್ಸಿನಲ್ಲಿ ಕೆಲಸಕ್ಕಿದ್ದವರು, ಹೆಂಡತಿ ಇನ್ನೂ ವಾರ್ಡಿನಲ್ಲೇ ಇದ್ದರು, ಆ ದಿನ ಮಧ್ಯಾಹ್ನ ಮನೆಗೆ ಹೋಗಬೇಕಿತ್ತು. ಈ ಹೆಚ್ಚುವರಿ ಶುಶ್ರೂಷೆ ಮಾಡಿದ ನರ್ಸ್ ಯಾರು, ಅವರ ನೋಂದಣಿ ನಂಬರು ಏನು ಎಂದು ವಿಚಾರಣೆಗೆ ಬಂದವರು ಕೇಳಿದರು. ಅಷ್ಟರಲ್ಲಿ ಗಿರಿಜಕ್ಕ ನಂಬರು ಹೇಳಲು ಕಿಟಕಿಗೆ ಬಂದಳು. ಇವರೇ ಎಂದೆ. ಅವರು ಅವಳನ್ನು ಕೂರಿಸಿ, ನೀವು ನರ್ಸಾ ಎಂದು ಕೇಳಿದರು. ಅವಳು ನನ್ನ ಮುಖ ನೋಡಿದಳು, ಆಮೇಲೆ ಅವರ ಮುಖ ನೋಡಿದಳು.

‘ಅಲ್ಲ. ನಾನು ಬಾಣಂತೀರನ್ನ ಮೀಸೋಳು.’

ಅವರು ಒಳ್ಳೆಯವರೇ. ದನಿ ಎತ್ತಲಿಲ್ಲ. ಹಾಗಾದರೆ ಇವರು ಏನು ಮಾಡುತ್ತಾರೆ ಎಂದು ನೀವೇ ನಾಲ್ಕು ಸಾಲು ಬರೆದುಕೊಡಿ ಎಂದು ನನ್ನ ಮುಂದೆ ಹಾಳೆ ಇಟ್ಟರು. ‘ಬಿಸಿನೀರು ಹಾಕುತ್ತಾರೆ’ ಎಂದು ಬರೆದೆ. ಎರಡನೇ ಸಾಲು ಬರಲಿಲ್ಲ.

ಕಂಪನಿ ಆ ಬಿಲ್ಲನ್ನು ಪೂರ್ತಿ ತಡೆಹಿಡಿಯಿತು. ಮಂಜುನಾಥ ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಇಲ್ಲಿ ಫೋನು ಮಾಡಿ, ಭಾವನಿಂದ ದುಡ್ಡು ತರಿಸಿ ಕಟ್ಟಿ, ಹೆಂಡತಿಯನ್ನೂ ಕೂಸನ್ನೂ ಕರೆದುಕೊಂಡು ಹೋದರು. ನನ್ನ ಮೇಲೆ ರೇಗಿದ್ದರೆ ಚೆನ್ನಾಗಿತ್ತು. ‘ನಮಗೆ ಮುನ್ನೂರು ರೂಪಾಯಿ ಉಳಿಸೋಕೆ ಹೋದ್ರಲ್ಲ ಅಕ್ಕ’ ಎಂದಷ್ಟೇ ಹೇಳಿ ಆಟೋ ಹತ್ತಿದರು. ಸರಿಯಾದ ಬಿಲ್ಲು ಮಾಡಿ ಕಳಿಸಿದ ಮೇಲೆ, ಒಂದೂವರೆ ತಿಂಗಳು ಬಿಟ್ಟು ಅವರಿಗೆ ದುಡ್ಡು ಬಂತು. ಅಷ್ಟೂ ದಿನ ನನಗೆ ಊಟ ರುಚಿಸಲಿಲ್ಲ. ಡಾಕ್ಟರಮ್ಮನಿಗೆ ಆಗ ವಯಸ್ಸಾಗಿತ್ತು, ಬೆಳಿಗ್ಗೆ ಮಾತ್ರ ಬರುತ್ತಿದ್ದರು. ನನ್ನನ್ನು ಕರೆಸಿ ಬಾಗಿಲು ಹಾಕಿಸಿದರು.

‘ಎಂತ ಮಾರಾಯ್ತಿ ನೀನು. ಸುಳ್ಳು ಬರೆದವಳು ನೀನು, ಅವನೆದುರು ನಿಂತು ನರ್ಸಲ್ಲ ಅಂತ ಹೇಳ್ಬೇಕಾಗಿ ಬಂದದ್ದು ಅವಳಿಗೆ.’

ಅಳು ಬಂತು. ಅವರು ಸಮಾಧಾನ ಮಾಡಲಿಲ್ಲ, ಅದು ಸರಿಯೇ.

ಆ ಹೊತ್ತಿಗೆ ಆಡಳಿತ ನೋಡಿಕೊಳ್ಳಲು ಸುಧೀರ್ ಎಂಬ ಮ್ಯಾನೇಜರ್ ಬಂದಿದ್ದರು. ಕುಂದಾಪುರದ ಕಡೆಯವರು, ಮಿತ ಮಾತಿನ ಮನುಷ್ಯ, ತಪ್ಪಿಲ್ಲದ ಫೈಲು ಅಂದರೆ ಪ್ರೀತಿ. ಇನ್ನೊಂದು ಸಲ ಹೀಗಾದರೆ ಕಂಪನಿಗಳು ನಮ್ಮನ್ನು ತಮ್ಮ ಆಸ್ಪತ್ರೆಗಳ ಪಟ್ಟಿಯಿಂದಲೇ ತೆಗೆಯುತ್ತವೆ, ಆದ್ದರಿಂದ ನೀರಿನ ಬಾಬ್ತನ್ನು ಸಾಫ್ಟ್‌ವೇರಿನಿಂದ ತೆಗೆದುಬಿಡೋಣ ಎಂದರು. ತೆಗೆದರೆ ಗಿರಿಜಕ್ಕನಿಗೆ ದುಡ್ಡು ಕೊಡುವ ದಾರಿಯೇ ಇಲ್ಲ. ನೆಲ ಒರೆಸುವ ಕೆಲಸ ಬೇಕಾದರೆ ಕೊಡಬಹುದು ಎಂದರು. ಅವಳಿಗೆ ಮಂಡಿ ನೋವು, ಬಗ್ಗಿ ಒರೆಸಲು ಆಗುತ್ತಿರಲಿಲ್ಲ. ಅವರಿಗೆ ಗಿರಿಜಕ್ಕನ ಮೇಲೆ ಸಿಟ್ಟೇನೂ ಇರಲಿಲ್ಲ. ಅವರ ಪಾಲಿಗೆ ಅದು ಪಟ್ಟಿಯ ಒಂದು ಹೆಸರು.

ನಾನು ಒಂದು ತಿಂಗಳ ಅವಕಾಶ ಕೇಳಿದೆ. ಅದನ್ನು ಇನ್ಶೂರೆನ್ಸ್ ಇಲ್ಲದ ಕಾಲಮ್ಮಿನಲ್ಲೇ ಇಡುತ್ತೇನೆ, ಯಾವ ಹೆಸರಿನ ಅಡಿಯಲ್ಲೂ ಬಚ್ಚಿಡುವುದಿಲ್ಲ ಎಂದೆ. ಸುಧೀರ್ ಯೋಚಿಸಿ ಮೂರು ಷರತ್ತು ಹಾಕಿದರು. ಇದು ಇನ್ಶೂರೆನ್ಸಿನಲ್ಲಿ ಬರುವುದಿಲ್ಲ ಎಂದು ಪ್ರತಿಯೊಬ್ಬರಿಗೂ ಮೊದಲೇ ಓದಿ ಹೇಳಿ ಸಹಿ ಹಾಕಿಸಬೇಕು. ಸಹಿ ಹಾಕದವರಿಗೆ ಸ್ನಾನವೂ ಇಲ್ಲ. ತಿಂಗಳ ಕೊನೆಗೆ ಅರ್ಧದಷ್ಟು ಜನವಾದರೂ ಸಹಿ ಹಾಕಿರದಿದ್ದರೆ ಆ ಹೆಸರು ಪಟ್ಟಿಯಿಂದ ಹೋಗುತ್ತದೆ. ಅಡ್ಮಿಟ್ ಆಗುವಾಗ ಜನ ಹತ್ತು ಹಾಳೆಗೆ ನೋಡದೆ ಸಹಿ ಹಾಕುತ್ತಾರೆ. ಅದರ ನಡುವೆ ಇದನ್ನೂ ತೂರಿಸಿದರೆ ಕೇಳುವವರಿರಲಿಲ್ಲ. ನನಗೆ ಆ ಯೋಚನೆ ಬಂದದ್ದು ನಿಜ. ಈ ಸಲ ಬೇಡ ಎಂದು ಬಿಟ್ಟೆ.

ಓದಿ ಹೇಳಿದ ಮೊದಲ ವಾರ ಆರು ಜನರಲ್ಲಿ ಒಬ್ಬರು ಸಹಿ ಹಾಕಿದರು. ಇನ್ಶೂರೆನ್ಸಲ್ಲಿ ಬರಲ್ವಾ, ಹಂಗಾರೆ ಬೇಡ ಎನ್ನುವುದೇ ಉತ್ತರ. ಶೃಂಗೇರಿಯ ಒಬ್ಬರು ಲಾಡ್ಜ್ ನಡೆಸುವವರು, ತಮ್ಮಲ್ಲಿ ಬಿಸಿನೀರು ಫ್ರೀ ಎಂದು ನನಗೇ ಬುದ್ಧಿ ಹೇಳಿ ಹೋದರು. ಸಹಿ ಇಲ್ಲದ ಮಂಚದ ನಂಬರುಗಳನ್ನು ಗಿರಿಜಕ್ಕನಿಗೆ ಹೇಳಿ, ಇವರನ್ನು ಬಿಡಬೇಕು ಎಂದೆ. ಅವಳು ತಲೆ ಅಲ್ಲಾಡಿಸಿ ಹೋದಳು. ಬಿಡಲಿಲ್ಲ. ಒಂದೇ ಕೋಣೆಯಲ್ಲಿ ಇರುವವರಲ್ಲಿ ಒಬ್ಬಳನ್ನು ಮೀಸಿ ಇನ್ನೊಬ್ಬಳನ್ನು ನೋಡ್ತಾ ಕೂತ್ಕೋ ಅಂತ ಹೇಳಕ್ಕೆ ತನ್ನಿಂದ ಆಗಲ್ಲ ಎಂದು ಆಮೇಲೆ ಹೇಳಿದಳು. ದುಡ್ಡು ಬೇಡ, ಸುಮ್ಮನೆ ಇರಿ ಎಂದಳು.

ಅಲ್ಲಿಂದ ಒಂದು ಹೊಸ ಫಜೀತಿ ಶುರುವಾಯಿತು. ಬೇಡ ಎಂದಿದ್ದವರು ಬಿಲ್ಲು ಕಟ್ಟಿ, ಹೆಂಡತಿಯನ್ನು ಕಾರಿನಲ್ಲಿ ಕೂರಿಸಿ, ಮತ್ತೆ ಕಿಟಕಿಗೆ ಬರುತ್ತಿದ್ದರು. ಮೀಸಿದ್ದಾರಂತಲ್ಲ, ಇವಳು ಬೈತಿದಾಳೆ, ಸಹಿ ಹಾಕ್ತೇವೆ, ಅದನ್ನೂ ಸೇರಿಸಿ ಎನ್ನುತ್ತಿದ್ದರು. ಸಾಫ್ಟ್‌ವೇರಿನಲ್ಲಿ ಮುಗಿದ ಬಿಲ್ಲಿಗೆ ಒಂದು ಸಾಲು ಸೇರಿಸುವುದು ಸುಲಭವಲ್ಲ. ಹಳೆಯದನ್ನು ರದ್ದು ಮಾಡಿ ಹೊಸದು ಮಾಡಬೇಕು, ಅದಕ್ಕೆ ಮ್ಯಾನೇಜರರ ಪಾಸ್‌ವರ್ಡ್ ಬೇಕು, ಪಾಸ್‌ವರ್ಡನ್ನು ಅವರೇ ಕೈಯಾರೆ ಹಾಕಬೇಕು. ಸುಧೀರರ ಕೋಣೆ ಮಹಡಿಯ ಮೇಲೆ. ದಿನಕ್ಕೆ ಎರಡು ಸಲ, ಮೂರು ಸಲ ಅವರು ಮೆಟ್ಟಿಲು ಇಳಿದು ಬರಬೇಕಾಯಿತು. ಒಮ್ಮೆ ಊಟದ ಡಬ್ಬಿ ತೆರೆದಿಟ್ಟು ಬಂದಿದ್ದರು. ಪಾಸ್‌ವರ್ಡ್ ಹಾಕಿ, ನನ್ನ ಕುರ್ಚಿಯ ಹಿಂದೆ ನಿಂತರು.

‘ಮೇಡಂ, ತಿಂಗಳ ತನಕ ಕಾಯೋದು ಬೇಡ. ಈ ವಾರವೇ ಮುಗಿಸುವ’ ಎಂದರು. ಆಮೇಲೆ, ಹೋಗುವವರು ನಿಂತು ಕೇಳಿದರು, ‘ಅಷ್ಟಕ್ಕೂ ಒಳಗೆ ಅವರು ಮಾಡುವುದು ಎಂತ?’

ವಿಚಾರಣೆಗೆ ಬಂದವರು ಕೇಳಿದ್ದೂ ಅದನ್ನೇ. ಗಿರಿಜಕ್ಕ ಹೇಳಿದ ನಂಬರುಗಳನ್ನು ಇಪ್ಪತ್ತು ವರ್ಷಕ್ಕೂ ಮೇಲೆ ಬರೆದುಕೊಂಡಿದ್ದೆ. ಆ ಬಚ್ಚಲಿನ ಬಾಗಿಲು ನನ್ನ ಕುರ್ಚಿಯಿಂದ ಐವತ್ತು ಹೆಜ್ಜೆ. ಒಂದು ದಿನವೂ ಒಳಗೆ ಹೋಗಿ ನೋಡಿರಲಿಲ್ಲ. ನನಗೆ ನನ್ನ ಮೇಲೇ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಬೇಗ ಹೋಗಿ, ಒಳಗೆ ಬರಬಹುದಾ ಎಂದು ಕೇಳಿದೆ. ಗಿರಿಜಕ್ಕ ಒಂದು ಮಣೆ ತೋರಿಸಿದಳು. ಹೊಗೆಗೆ ಕಣ್ಣು ಉರಿಯುತ್ತಿತ್ತು. ಅವಳು ಕಾಲು ಚಾಚಿ ಕೂತು, ಮೊಣಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಂಡು, ಮೊದಲು ತನ್ನ ಅಂಗೈಯಲ್ಲಿ ಎಣ್ಣೆ ಬಿಸಿ ಮಾಡಿಕೊಂಡಳು. ಕೂಸಿನ ಕಣ್ಣಿನ ಬಿಳಿಯನ್ನು ರೆಪ್ಪೆ ಎತ್ತಿ ನೋಡಿದಳು. ಹಳದಿ ಕಂಡರೆ ನರ್ಸಿಗೆ ಹೇಳುತ್ತಾಳಂತೆ, ಹಾಗೆ ಎಷ್ಟೋ ಕೂಸುಗಳನ್ನು ಡಾಕ್ಟರಮ್ಮ ಮನೆಗೆ ಕಳಿಸದೆ ಉಳಿಸಿಕೊಂಡದ್ದಿದೆ. ತಾಯಂದಿರಿಗೆ ನೀರು ಹಾಕುವಾಗ ಚೊಂಬನ್ನು ಎತ್ತರದಿಂದ ಸೊಂಟದ ಮೇಲೇ ಬೀಳುವ ಹಾಗೆ ಹಿಡಿಯುತ್ತಿದ್ದಳು. ಹೊಟ್ಟೆ ಕೊಯ್ದವರಿಗೆ ನೀರು ಹಾಕುವಂತಿಲ್ಲ, ಬಿಸಿ ಬಟ್ಟೆಯಿಂದ ಒರೆಸುತ್ತಿದ್ದಳು. ಒಬ್ಬಳ ಹೊಲಿಗೆ ಕೆಂಪಾಗಿದೆ ಎಂದು ಒರೆಸುವಾಗಲೇ ಬಾಗಿಲಿಂದ ಕೂಗಿ ನರ್ಸನ್ನು ಕರೆದಳು. ಎಲ್ಲರ ಹತ್ತಿರವೂ ಮಾತು ನಡೆದೇ ಇತ್ತು. ಅತ್ತೆ ಹೇಗೆ, ಮೂರು ಹೊತ್ತು ಊಟ ಸೇರುತ್ತಾ, ನಿದ್ದೆ ಬರುತ್ತಾ. ಡಾಕ್ಟರು ಕೇಳಿದಾಗ ಎಲ್ಲ ಸರಿಯಿದೆ ಎನ್ನುವವರು ಬಚ್ಚಲಿನಲ್ಲಿ ‘ಇಲ್ಲ’ ಎನ್ನುತ್ತಿದ್ದರು.

ಎಲ್ಲರೂ ಹೋದ ಮೇಲೆ ಅವಳು ಹಂಡೆಗೆ ಮತ್ತೆ ನೀರು ತುಂಬಿ ಒಲೆಗೆ ಸೌದೆ ಒಟ್ಟಿದಳು. ಮುಗಿಯಿತಲ್ಲ ಎಂದೆ. ಇನ್ನೊಬ್ಬಳಿದ್ದಾಳೆ ಎಂದಳು.

ಬಂದವಳು ಕಿಗ್ಗದ ಕಡೆಯವಳು. ಎರಡು ದಿನದ ಹಿಂದೆ ಹೆರಿಗೆಯಾಗಿತ್ತು, ಕೂಸು ಉಳಿದಿರಲಿಲ್ಲ. ನನಗೆ ಗೊತ್ತಿದ್ದ ವಿಷಯವೇ. ಬಿಲ್ಲಿನಲ್ಲಿ ನಾನೇ ಬರೆದಿದ್ದೆ. ಗಿರಿಜಕ್ಕ ಅವಳನ್ನು ಕೂರಿಸಿ, ಎಲ್ಲರಿಗಿಂತ ಹೆಚ್ಚು ಹೊತ್ತು ನೀರು ಹಾಕಿದಳು. ಕೂಸು ಇಲ್ಲದಿದ್ದರೂ ಎದೆಯಲ್ಲಿ ಹಾಲು ಬಂದು ಕಲ್ಲಿನ ಹಾಗೆ ಕಟ್ಟಿಕೊಂಡಿತ್ತು. ಬಿಸಿನೀರಲ್ಲಿ ಅದ್ದಿದ ಬಟ್ಟೆ ಇಟ್ಟು, ನೋವಾಗದ ಹಾಗೆ, ಸ್ವಲ್ಪ ಸ್ವಲ್ಪವೇ ಹಗುರ ಮಾಡುತ್ತಿದ್ದಳು. ಆ ಹೆಣ್ಣು ಅವಳ ಹೆಗಲಿಗೆ ತಲೆ ಇಟ್ಟು ಅತ್ತಳು. ಗಿರಿಜಕ್ಕ ಅವಳಿಗೆ ಅಳಬೇಡ ಎನ್ನಲಿಲ್ಲ, ಮಗು ಹೆಣ್ಣಾ ಗಂಡಾ, ಯಾರ ಹಾಗಿತ್ತು ಎಂದು ಕೇಳಿದಳು. ಅವಳು ಹೇಳತೊಡಗಿದಳು. ನಾನು ಎದ್ದು ಹೊರಗೆ ಬಂದೆ.

ಹತ್ತು ಗಂಟೆಗೆ ಗಿರಿಜಕ್ಕ ಕಿಟಕಿಗೆ ಬಂದು ನಂಬರು ಹೇಳಿದಾಗ ಆ ಮಂಚದ ನಂಬರು ಅದರಲ್ಲಿರಲಿಲ್ಲ. ಅದೊಂದು ಬಿಟ್ಟಿತಲ್ಲ ಎಂದೆ. ಅದನ್ನು ಯಾವತ್ತೂ ಹೇಳುವುದಿಲ್ಲ ಎಂದಳು. ಕೂಸು ಹೋದವರ ಬಿಲ್ಲಿಗೆ ತನ್ನ ದುಡ್ಡು ಸೇರಿಸಬಾರದು ಎಂದು ಮೊದಲ ವರ್ಷವೇ ತೀರ್ಮಾನ ಮಾಡಿಕೊಂಡಿದ್ದಳಂತೆ. ಇಪ್ಪತ್ತು ವರ್ಷ ಅಂಥ ಬಿಲ್ಲುಗಳಲ್ಲಿ ಆ ಸಾಲು ಇಲ್ಲದ್ದನ್ನು ಕಂಡು ನಾನು, ಕೂಸಿಲ್ಲದ ಮೇಲೆ ಮೀಸಿರುವುದಿಲ್ಲ ಎಂದೇ ತಿಳಿದುಕೊಂಡಿದ್ದೆ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಎರಡು ದಿನ ಬಿಟ್ಟು ಆ ಹೆಣ್ಣಿನ ಗಂಡ ಬಿಲ್ಲಿಗೆ ಬಂದ. ಸಿರಿಮನೆ ಜಲಪಾತಕ್ಕೆ ಜನರನ್ನು ಕರೆದೊಯ್ಯುವ ಜೀಪಿನ ಡ್ರೈವರು. ಇನ್ಶೂರೆನ್ಸ್ ಇತ್ತು, ಅವನ ಕಾಲಮ್ಮಿನಲ್ಲಿ ಬಂದದ್ದು ಸ್ವಲ್ಪವೇ. ನಾನು ಎಂದಿನಂತೆ ಸಾಲು ಸಾಲಾಗಿ ಓದಿ ಹೇಳಿದೆ. ಅವನು ದುಡ್ಡು ಎಣಿಸಿ ಕೊಟ್ಟ, ಆದರೆ ಹೋಗಲಿಲ್ಲ. ದಿನಾ ಬೆಳಿಗ್ಗೆ ಅವಳನ್ನು ಮೀಸಿದ್ದು ಇದರಲ್ಲಿ ಎಲ್ಲಿದೆ ಎಂದು ಕೇಳಿದ. ಅದಕ್ಕೆ ದುಡ್ಡಿಲ್ಲ ಎಂದೆ. ಗಿರಿಜಕ್ಕ ಅಲ್ಲೇ ಬಾಗಿಲ ಹತ್ತಿರ ನಿಂತಿದ್ದಳು. ಅವಳೂ ಬೇಡ ಎಂದು ಕೈ ಆಡಿಸಿದಳು.

‘ದುಡ್ಡಿನ ಮಾತಲ್ಲ ಅಕ್ಕ’ ಎಂದ. ‘ನಾಲ್ಕು ದಿನ ಅವಳಿಗೆ ಎಂತೆಂತ ಮಾಡಿದ್ರು ಅಂತ ಇದ್ರಲ್ಲಿ ಎಲ್ಲ ಇದೆ. ಸೂಜಿ ಇದೆ, ಹತ್ತಿ ಇದೆ. ಅವಳ ಹತ್ರ ಕೂಸಿನ ಬಗ್ಗೆ ಮಾತಾಡಿದ್ದು ಇವರೊಬ್ಬರೇ. ಅದೊಂದೇ ಇಲ್ಲ. ಬರೀರಿ.’

ಬಿಲ್ಲನ್ನು ಇನ್ನೂ ಮುಗಿಸಿರಲಿಲ್ಲ, ನಾನು ಸಾಲು ಸೇರಿಸಿ ಸೊನ್ನೆ ಹಾಕಿದೆ. ಸೊನ್ನೆ ನಡೆಯುವುದಿಲ್ಲ ಎಂದು ಪರದೆಯ ಮೇಲೆ ಬಂತು. ದುಡ್ಡು ಹಾಕಿ ಅಷ್ಟನ್ನೂ ರಿಯಾಯಿತಿ ಎಂದು ಕಳೆಯಬೇಕು, ಅದಕ್ಕೆ ಮತ್ತೆ ಮ್ಯಾನೇಜರರ ಪಾಸ್‌ವರ್ಡ್. ಫೋನು ಮಾಡಿದೆ. ಸುಧೀರ್ ಇಳಿದು ಬಂದರು, ಅವರ ಮುಖದಲ್ಲಿ ಸಿಟ್ಟಿತ್ತು. ನಾನು ನಡೆದದ್ದನ್ನೆಲ್ಲ ಹೇಳಿದೆ, ಬಚ್ಚಲಿನಲ್ಲಿ ನೋಡಿದ್ದನ್ನೂ ಹೇಳಿದೆ. ಅವರು ನನ್ನ ಕುರ್ಚಿಯಲ್ಲಿ ಕೂತು ಪಾಸ್‌ವರ್ಡ್ ಹಾಕಿದರು. ರಿಯಾಯಿತಿಗೆ ಕಾರಣ ಏನು ಎಂದು ಸಾಫ್ಟ್‌ವೇರ್ ಕೇಳಿತು. ಸಿಬ್ಬಂದಿ, ಡಾಕ್ಟರ ನೆಂಟರು, ಬಡ ರೋಗಿ, ಇತರೆ ಎಂದು ನಾಲ್ಕು ಹೆಸರು ಬಂದವು. ಅವರು ನಾಲ್ಕನ್ನೂ ಓದಿದರು. ಆಮೇಲೆ ಬಾಗಿಲ ಕಡೆ ತಿರುಗಿ ಗಿರಿಜಕ್ಕನ ಹತ್ತಿರ, ನಿಮ್ಮ ಪೂರ್ತಿ ಹೆಸರು ಏನು ಎಂದು ಕೇಳಿದರು. ಅವಳು ಹೇಳಿದಳು. ‘ಇತರೆ’ ಎನ್ನುವುದನ್ನು ಒತ್ತಿ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡವನ್ನೇ ಟೈಪ್ ಮಾಡಿದರು. ‘ಗಿರಿಜಮ್ಮ ಕೊಟ್ಟದ್ದು.’

ಪ್ರಿಂಟ್ ತೆಗೆದು ತಾವೇ ಅವನ ಕೈಗೆ ಕೊಟ್ಟರು. ಅವನು ಓದಿ, ಬಿಲ್ಲನ್ನು ಫೈಲಿಗೆ ಹಾಕದೆ ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ಗಿರಿಜಕ್ಕನ ಮುಂದೆ ಹೋಗಿ ನಿಂತ. ಅವಳು ಅವನ ತೋಳು ಮುಟ್ಟಿ, ಮನೆಯಲ್ಲೂ ಹದಿನೈದು ದಿನ ಬಿಸಿನೀರು ಹಾಕಿಸು ಅವಳಿಗೆ ಎಂದಳು.

ತಿಂಗಳ ಕೊನೆಗೆ ಸಹಿ ಹಾಕಿದವರ ಹಾಳೆಗಳನ್ನು ಒಟ್ಟು ಮಾಡಿ, ದಾರ ಕಟ್ಟಿ, ಮೇಜಿನ ಮೇಲೆ ಇಟ್ಟುಕೊಂಡು ಕೂತಿದ್ದೆ. ಅರ್ಧಕ್ಕೆ ಎರಡು ಕಡಿಮೆ ಇತ್ತು. ಈ ವಾರವೇ ಮುಗಿಸುವ ಎಂದಿದ್ದವರು ಜೀಪಿನವನು ಬಂದು ಹೋದ ಮೇಲೆ ಆ ಮಾತು ಎತ್ತಿರಲಿಲ್ಲ. ಸುಧೀರ್ ಬೆಳಿಗ್ಗೆ ಬಂದರು, ಮೇಜಿನ ಮೇಲೆ ನೋಡಿದರು, ಎಷ್ಟಾಯಿತು ಎಂದು ಕೇಳದೆ ಮೆಟ್ಟಿಲು ಹತ್ತಿ ಹೋದರು.